ಅಕ್ಕುತಾಯಿ ಸೊಸೆಯನ್ನು ಹೊರಗೆ ಹಾಕಿದ್ದು

ಅಥಣಿ ಕಡೆಯ ಅನಂತಪುರದ ಅಕ್ಕುತಾಯಿಯದು ಕಂಪ್ಯೂಟರ್ ಅಂಗಡಿ. ಹೊಲದ ಪಹಣಿ, ಅಂದರೆ ಊರವರ ಬಾಯಲ್ಲಿ ಉತಾರ, ತೆಗೆದುಕೊಡುವುದು ಕೆಲಸ. ಅವಳ ಕಂಪ್ಯೂಟರಿನಲ್ಲಿ ಎರಡು ಬ್ರೌಸರ್. ನೋಡಲು ಚೆಂದವಿದ್ದು ಕೆಲಸಕ್ಕೆ ಬಾರದ್ದಕ್ಕೆ 'ಮಗಳು' ಎಂದೂ, ಹಳತಾದರೂ ಹೇಳಿದ್ದನ್ನು ಮಾಡುವಂಥದ್ದಕ್ಕೆ 'ಸೊಸಿ' ಎಂದೂ ಹೆಸರಿಟ್ಟಿದ್ದಳು. ಉತಾರಕ್ಕೆ ಸೊಸಿಯೇ ಬೇಕು. ಅದು ಅಪ್‌ಡೇಟ್ ಕೇಳಿದಾಗಲೆಲ್ಲ, ಬಾಗಿಲಿಗೆ ಬಂದ ಭಿಕ್ಷುಕನಿಗೆ ಹೇಳುವಂತೆ, "ಮುಂದ ಹೋಗಪಾ" ಎಂದು ಸಾಗಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ, ಅಂಗಡಿಯಲ್ಲಿ ಕೂತಿದ್ದ ನಿಜವಾದ ಸೊಸೆ ನೀಲಮ ಆ ಅಪ್‌ಡೇಟಿಗೆ ಹೂಂ ಅಂದುಬಿಟ್ಟಳು. ಆಮೇಲೆ ತೆಗೆದ ಉತಾರಗಳೆಲ್ಲ ಅರ್ಧಕ್ಕೇ ಪ್ರಿಂಟ್ ಆಗಿ, ಹೊಲದ ಮಾಲೀಕರ ಹೆಸರೇ ಮಾಯ! ಅಕ್ಕುತಾಯಿ ಹೊಸದನ್ನು ಕಿತ್ತುಹಾಕಿ, ಪೆನ್‌ಡ್ರೈವಿನಲ್ಲಿ ಕಾದಿಟ್ಟಿದ್ದ ಹಳೆಯದನ್ನು ಕೂರಿಸಿ, ಅಥಣಿಯ ಗೆಳತಿಗೆ ಫೋನಿನಲ್ಲಿ ಕೂಗಿ ಹೇಳಿದಳು: "ಸೊಸಿ ಭಾಳ ನಖರಾ ಮಾಡಾಕತ್ತಿದ್ಲವಾ. ಹೊರಗ ಹಾಕಿ ಹಳೇಕಿನ್ನ ಕರಕೊಂಡ್ ಬಂದ್ನಿ!"

ಸರದಿಯಲ್ಲಿ ನಿಂತವರ ಕಿವಿ ನೆಟ್ಟಗಾದವು. ಸಂಜೆಯೊಳಗೆ ಸುದ್ದಿ ತವರೂರು ಕುಡಚಿಗೆ ಮುಟ್ಟಿ, ಅಲ್ಲಿಂದ ನೀಲಮಳ ತಾಯಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಿಳಿದಳು.

"ನನ್ನ ಮಗಳನ್ನ ಯಾಕ ಹೊರಗ ಹಾಕೀರಿ?"

"ಅಯ್ಯ ಬೀಗತಿ, ಅದು ಕಂಪ್ಯೂಟರ್‌ನ್ಯಾಗಿನ ಸೊಸಿ!" ಅಕ್ಕುತಾಯಿ ನಕ್ಕಳು. "ಕೆಟ್ಟದ್ದನ್ನ ತಗದು ಹಳೇ ವರ್ಷನ್ ಹಾಕೇನಿ, ಅಷ್ಟಽ."

ಚಹಾ ತಂದ ನೀಲಮ ಮೆಲ್ಲಗೆ ಕೇಳಿದಳು: "ಅತ್ತಿ, ಹೆಣ್ಣು ನೋಡಾಕ ಬಂದಾಗ ನೀವು ಭಾಳ ಮೆತ್ತಗ ಮಾತಾಡಿದ್ರಿ. ಆ ಹಳೇ ವರ್ಷನ್ ಪೆನ್‌ಡ್ರೈವಿನಾಗ ಐತೇನ್ರಿ?"