ದಾನ ಮಾಡಿದ ಹನ್ನೆರಡು ಮಾತ್ರೆ

ಆಯುಷ್ಯದಲ್ಲಿ ನಾನು ಟೋಪಿ ಹಾಕದ ಮನುಷ್ಯರಿಲ್ಲ. ಕರಡಿಗಳು ಓಡಾಡುವ ದರೋಜಿಯ ತೋಟದಲ್ಲಿ ಕರಿ ಕಂಬಳಿ ಹೊದ್ದು, ನಾಲ್ಕು ಕಾಲಿನಲ್ಲಿ ಗುರುಗುಟ್ಟುತ್ತ ನಡೆದು, ನನ್ನ ಮೈದುನನನ್ನು ಬೇವಿನ ಮರ ಹತ್ತಿಸಿದವಳು ನಾನು. ಕರಡಿಯಲ್ಲ, ಅತ್ತಿಗೆ ಎಂದು ತಿಳಿದ ಮೇಲೂ ಆತ ಇಳಿಯಲಿಲ್ಲ. ಕರಡಿಯೇ ವಾಸಿ ಅನಿಸಿರಬೇಕು. ಇಂಥ ನನಗೆ ಟೋಪಿ ಹಾಕಿದ್ದು ಒಂದೇ ಒಂದು, ನನ್ನ ಗರ್ಭಕೋಶ. ಮುಚ್ಚಿಡುವ ವಯಸ್ಸು ದಾಟಿದೆ, ಹೇಳಿಬಿಡುತ್ತೇನೆ.

ಅದಿರಿನ ಕಾಲ ಅದು. ಹೊಸಪೇಟೆಯ ನಮ್ಮ ಮನೆಯ ಮುಂದೆ ಹಗಲಿಡೀ ಲಾರಿಗಳ ಸಾಲು. ಒಣಹಾಕಿದ ಬಿಳಿ ಪಂಚೆ ಅದಿರಿನ ಕೆಂಪು ಧೂಳಿಗೆ ಸಂಜೆಯೊಳಗೆ ಕಾವಿಯಾಗುತ್ತಿತ್ತು. ನನ್ನ ಯಜಮಾನರು ಖರ್ಚಿಲ್ಲದೆ ಸನ್ಯಾಸಿಯಾಗುತ್ತಿದ್ದರು. ನನಗೆ ನಲವತ್ತೆಂಟು. ಮುಟ್ಟು ಒಮ್ಮೆ ಎರಡು ತಿಂಗಳು ನಾಪತ್ತೆ, ಒಮ್ಮೆ ಹದಿನೈದು ದಿನಕ್ಕೇ ಹಾಜರು. ಇದರ ಜೊತೆಗೆ ಹೊಟ್ಟೆಯಿಂದ ಹೊರಟು ಕಿವಿಯ ತನಕ ಏರುವ ಬೆಂಕಿ. ಆದರೆ ನಮ್ಮ ಊರಿನ ಬಿಸಿಲಿನಲ್ಲಿ ಮೈ ಉರಿಯುತ್ತದೆ ಎಂದರೆ ಯಾರು ಕೇಳುತ್ತಾರೆ? "ಎಲ್ಲರಿಗೂ ಉರಿತೈತಿ, ನಿನಗೊಬ್ಬಾಕಿಗೇನು ಬ್ಯಾರೆ ಸೂರ್ಯ ಐತೇನು?" ಎಂದು ಯಜಮಾನರು ಫ್ಯಾನು ತಮ್ಮ ಕಡೆ ತಿರುಗಿಸಿಕೊಂಡರು. ನಾನು ಫ್ರಿಜ್ಜಿನ ಬಾಗಿಲು ತೆಗೆದು, ಹಾಲು ಮೊಸರಿನ ನಡುವೆ ತಲೆಯಿಟ್ಟು ಬದುಕಿದೆ.

ಕಡೆಗೆ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಎರಡು ಮಾತ್ರೆ ಬರೆದರು. ಒಂದು ದಿನಾ ನುಂಗುವುದು; ಮೈಯಲ್ಲಿ ಕಡಿಮೆಯಾದ ಈಸ್ಟ್ರೋಜನ್ ತುಂಬಲಿಕ್ಕೆ. ಇನ್ನೊಂದು ಪ್ರೊಜೆಸ್ಟರಾನ್, ತಿಂಗಳಲ್ಲಿ ಹನ್ನೆರಡೇ ದಿನ. "ಇದು ಮುಗಿದು ಎರಡು ಮೂರು ದಿನಕ್ಕ ನಿಮಗ ಬ್ಲೀಡಿಂಗ್ ಆಗ್ತೈತ್ರಿ. ಗಾಬರಿ ಆಗಬ್ಯಾಡ್ರಿ. ಮಾತ್ರಿ ಬಿಟ್ಟಿದ್ದಕ್ಕ ಬರೋದು ಅದು," ಎಂದರು.

ಮೊದಲನೆಯ ಮಾತ್ರೆಯನ್ನು ನಾನು ಪ್ರೀತಿಸಿದೆ. ತಿಂಗಳೊಳಗೆ ಬೆಂಕಿ ಆರಿತು, ತಲೆ ಫ್ರಿಜ್ಜಿನಿಂದ ಹೊರಬಂತು. ಎರಡನೆಯದು ಮಾತ್ರ ಮಾತ್ರೆಯ ವೇಷದಲ್ಲಿ ಬಂದ ನಮ್ಮ ಅತ್ತೆ. ಆ ಹನ್ನೆರಡು ದಿನ ಹೊಟ್ಟೆ ಉಬ್ಬಿ ನಗಾರಿ, ಎದೆ ಮುಟ್ಟಿದರೆ ನೋವು, ಕೂತಲ್ಲೇ ಜೋಂಪು. ಸೋಪಿನ ಜಾಹೀರಾತು ನೋಡಿ ಅತ್ತಿದ್ದೇನೆ, ಸೋಪಿಗಾಗಿ! ನಗಿಸುವುದೇ ಕಸುಬಾದವಳು ಹೀಗೆ ಮೂಗು ಒರೆಸುತ್ತ ಕೂತರೆ ಮರ್ಯಾದೆ ಏನಾಗಬೇಕು? ಅದು ಮುಗಿಯಿತು ಅನ್ನುವಷ್ಟರಲ್ಲಿ, ಹೇಳಿ ಕಳಿಸಿದ ಹಾಗೆ ರಕ್ತ. ಕೂದಲು ನೆರೆತ ಮೇಲೂ ಹುಡುಗಿಯಂತೆ ಬಟ್ಟೆ ಅಡಗಿಸಿಡುವ ಕರ್ಮ.

ಈಗ ನನ್ನ ಬುದ್ಧಿವಂತಿಕೆ ಕೇಳಿ.

ನಮ್ಮ ಕಡೆ ಹಬ್ಬ, ಮದುವೆ ಬಂದರೆ ಹೆಂಗಸರು ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತಾರೆ. ಔಷಧಿ ಅಂಗಡಿಯವನ ಮುಂದೆ ದನಿ ತಗ್ಗಿಸಿ ಕೇಳಬೇಕು. ಅವನು ಅದನ್ನು ಕದ್ದ ಮಾಲಿನಂತೆ ಹಳೇ ಪೇಪರಿನಲ್ಲಿ ಸುತ್ತಿ ಕೊಡಬೇಕು. ನನ್ನ ಹನ್ನೆರಡು ಮಾತ್ರೆಯೂ ಅದೇ ಜಾತಿಯದು ಎಂದು ಡಾಕ್ಟರಮ್ಮನ ಬಾಯಿಂದಲೇ ಕೇಳಿದ್ದೆ. ಅಷ್ಟು ಸಾಕಾಯಿತು.

ಸಂಡೂರಿನಲ್ಲಿ ನನ್ನ ನಾದಿನಿ ಗೌರಮ್ಮ ಹೊಸ ಮನೆ ಕಟ್ಟಿಸಿದ್ದಳು. ನಾವು ಲಿಂಗ ಕಟ್ಟಿಕೊಂಡ ಜನ. ನಮಗೆ ಮುಟ್ಟಿನ ಸೂತಕವೇ ಇಲ್ಲ. ನಮ್ಮ ಅಜ್ಜಿ ಎಲ್ಲ ದಿನವೂ ಲಿಂಗಪೂಜೆ ಮಾಡಿ, ಎಲ್ಲ ದಿನವೂ ರೊಟ್ಟಿ ಬಡಿದವಳು. ಆದರೆ ಗೌರಮ್ಮನ ಹೊಲ ಅದಿರು ಗುಡ್ಡೆ ಹಾಕುವ ಜಾಗವಾದ ಮೇಲೆ ಆ ಮನೆಗೆ ದುಡ್ಡು ಬಂತು, ಲಾರಿ ಬಂದವು, ಹಿಂದೆಯೇ ವಾಸ್ತು ಬಂತು, ಹೋಮ ಬಂತು, ಎಂದೂ ಇಲ್ಲದ ಮಡಿಯೂ ಬಂತು. ಊರೆಲ್ಲ ಧೂಳಾದಷ್ಟೂ ಅವಳ ಮನೆ ಶುದ್ಧವಾಗುತ್ತ ಹೋಯಿತು. ಗೃಹಪ್ರವೇಶಕ್ಕೆ ವಾರವಿರುವಾಗ ಕಣ್ಣೀರಿಟ್ಟಳು: "ಅತ್ತಿಗೀ, ನನ್ನ ಸೊಸಿ ರೇಖಾಂದು ಅವತ್ತ ಐತ್ರಿ. ಕಳಸ ಹಿಡಿಯಾಕಿ ಆಕೀನ!"

"ಅಳಬ್ಯಾಡಲೇ. ನಾನಿಲ್ಲೇನು?" ಎಂದು ನನ್ನ ಹನ್ನೆರಡನ್ನೂ ಚೀಲದಿಂದ ತೆಗೆದು ಕೊಟ್ಟೆ.

ರೇಖಾಳ ಅದೃಷ್ಟವೋ ಮಾತ್ರೆಯದೋ, ಕಳಸ ಸುರಳೀತ ಒಳಗೆ ಹೋಯಿತು. ನನ್ನ ಕೀರ್ತಿ ಕಂಪ್ಲಿಯ ತನಕ ಹರಡಿತು. ತಿಂಗಳು ತಿಂಗಳೂ ಯಾರಾದರೊಬ್ಬರು ಬರುವರು; ನಾನು ಏಲಕ್ಕಿ ಡಬ್ಬಿಯಿಂದ ಮಾತ್ರೆ ತೆಗೆದು ಪ್ರಸಾದದಂತೆ ಹಂಚುವೆ. ಅವರಿಗೆ ಪೂಜೆ, ನನಗೆ ಅಳುವಿಲ್ಲದ, ರಕ್ತವಿಲ್ಲದ ತಿಂಗಳು. ಈಸ್ಟ್ರೋಜನ್ ಒಂದನ್ನೇ ನುಂಗುತ್ತ, ಡಾಕ್ಟರಮ್ಮನಿಗೂ ಟೋಪಿ ಹಾಕಿದೆನೆಂದು ಒಳಗೊಳಗೇ ಮೀಸೆ ತಿರುವಿದೆ. ಎಂಟು ತಿಂಗಳು.

ಒಂಬತ್ತನೆಯ ತಿಂಗಳು ಸಂಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಇಳಿಯಲು ಎದ್ದಾಗ ಹಿಂದಿನ ಸೀಟಿನ ಹೆಂಗಸು, "ಅಮ್ಮಾ, ಸೀರಿಗೆ ಅದಿರು ಹತ್ತೇತ್ರಿ," ಎಂದಳು. ತಿಳಿದು ಹೇಳಿದಳೋ, ತಿಳಿಯದೆಯೋ! ಆ ಕಾಲದಲ್ಲಿ ಯಾವ ಕೆಂಪು ಕಲೆಗೂ ಅದಿರೇ ಹೊಣೆ. "ಹೌದವ್ವ, ಸುಡ್ಲಿ ಈ ಧೂಳು," ಎಂದು ಸೆರಗು ಸುತ್ತಿಕೊಂಡು ಇಳಿದೆ. ಆ ಧೂಳು ಹದಿನಾರು ದಿನ ನಿಲ್ಲಲಿಲ್ಲ. ಗೋಡೆ ಹಿಡಿದು ನಡೆಯುವಂತಾದೆ.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ಕೇಳಿದರು: "ಹನ್ನೆರಡು ದಿನದ ಮಾತ್ರಿ ತಗೊಂಡ್ರೇನ್ರಿ?"

"ತಪ್ಪಿಸಿಲ್ರಿ."

"ತಿಂಗಳಾ ಬ್ಲೀಡಿಂಗ್ ಆತೇನ್ರಿ?"

"ಇದಕ್ಕ ಮೊದಲ ಎಂಟು ತಿಂಗಳು ಒಂದು ಹನಿ ಇಲ್ರಿ!" ಎಂದೆ ಹೆಮ್ಮೆಯಿಂದ. ಸಿಕ್ಕಿಬಿದ್ದದ್ದು ಅಲ್ಲೇ.

ಆಕೆ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮೊದಲ ಮಾತ್ರೆ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದಂತೆ. ಎರಡನೆಯದು ಅದನ್ನು ಹದ್ದುಬಸ್ತಿನಲ್ಲಿಟ್ಟು, ಬಿಟ್ಟ ಮೇಲೆ ಕಳಚಿ ಹೊರಗೆ ಹಾಕುತ್ತದಂತೆ. ನಾನು ಅಸಹ್ಯಪಟ್ಟ ಆ ರಕ್ತವೇ ನನ್ನ ಕಾವಲು. ಕಾವಲಿನವನನ್ನು ಊರಿಗೆಲ್ಲ ದಾನ ಮಾಡಿ ಬಾಗಿಲು ತೆಗೆದಿಟ್ಟು ಕೂತಿದ್ದೆ. ಒಳಪದರ ದಪ್ಪವಾಗಿತ್ತು. ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಆಕೆ ಕ್ಯಾನ್ಸರ್ ಎಂಬ ಮಾತನ್ನು ಬಹಳ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ಜೋರಾಗಿ ಕೇಳಿಸಿತು.

ರಿಪೋರ್ಟು ಬರಲು ಹತ್ತು ದಿನ. ನನ್ನ ಬಾಯಲ್ಲಿ ಒಂದೇ ಒಂದು ತಮಾಷೆ ಹುಟ್ಟಿದ ಹತ್ತು ದಿನ ಅವೇ. ಯಜಮಾನರು ಸಮಾಧಾನ ಹೇಳಿದರು: "ತೆಗಿಸಿಬಿಡು ಅತ್ಲಾಗ. ಇನ್ನೇನು ಕೆಲಸ ಐತಿ ಅದರದು?"

ಅಷ್ಟು ಸಂಕಟದಲ್ಲೂ ತಡೆಯಲಾಗಲಿಲ್ಲ. "ನಿಮ್ಮವು ಆರು ಹಲ್ಲು ಬಿದ್ದಾವು. ಬಾಯಿ ತೆಗಿಸೀವೇನ್ರಿ?" ಎಂದೆ. ಅವರು ಅದೇ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮಾತ್ರೆ ತಿಂದು ಪುಣ್ಯ ಕಟ್ಟಿಕೊಂಡವರಲ್ಲಿ ಒಬ್ಬಳೂ ಈ ಕಡೆ ಸುಳಿಯಲಿಲ್ಲ. ಏಳನೆಯ ದಿನ ಗೌರಮ್ಮನ ಫೋನು ಬಂತು. ನನ್ನ ಕಣ್ಣು ತುಂಬಿತು, ಸದ್ಯ, ನೆನೆಸಿಕೊಂಡಳಲ್ಲ. "ಅತ್ತಿಗೀ, ಆರಾಮ ಅದೀರೇನ್ರಿ?" ಎಂದಳು. ನಾನು ಉತ್ತರ ಹೇಳುವ ಮೊದಲೇ, "ಆ ಮಾತ್ರಿ ಇನ್ನ ಐದಾರು ಉಳದಿದ್ರ ಕಳಸ್ರಿ. ಶ್ರಾವಣ ಬಂತು," ಎಂದಳು. ಫೋನಿಟ್ಟೆ. ಪ್ರೊಜೆಸ್ಟರಾನಿಲ್ಲದೆಯೂ ಅಳು ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ, ದಪ್ಪವಷ್ಟೇ, ಆದರೆ ಹೀಗೇ ಬಿಟ್ಟರೆ ಹೇಳಲಾಗದು. ಮದ್ದು ಏನು ಗೊತ್ತೇ? ಅದೇ ಮಾತ್ರೆ. ಈ ಸಲ ಹನ್ನೆರಡು ದಿನವಲ್ಲ. ದಿನಕ್ಕೆರಡರಂತೆ, ಬಿಡುವಿಲ್ಲದೆ, ಮೂರು ತಿಂಗಳು. ಪ್ರಸಾದದಂತೆ ಹಂಚಿದ್ದನ್ನೆಲ್ಲ ದೇವರು ಬಡ್ಡಿಸಮೇತ ನನ್ನ ಬಾಯಿಗೇ ಸುರಿದ. ಉಬ್ಬಿದೆ, ಜೋಂಪಿಸಿದೆ, ಸೋಪಿಗೂ ಅತ್ತೆ, ಪೌಡರಿಗೂ ಅತ್ತೆ. ಪ್ರತಿ ಮಾತ್ರೆ ನುಂಗುವಾಗಲೂ ಒಬ್ಬೊಬ್ಬಳ ಹೆಸರು ಹಿಡಿದು ಬೈದೆ. ಆಮೇಲಿನ ಪರೀಕ್ಷೆಯಲ್ಲಿ ಪದರ ತೆಳ್ಳಗಾಗಿತ್ತು. "ಈಗ ಬಿಡ್ರಿ. ಎರಡು ಮೂರು ದಿನಕ್ಕ ಬ್ಲೀಡಿಂಗ್ ಬರ್ಬೇಕು. ಆಮ್ಯಾಲೆ ಮೊದಲಿನಂಗ ತಿಂಗಳಿಗೆ ಹನ್ನೆರಡು ದಿನ. ದಾನ ಬ್ಯಾಡ್ರಿ," ಎಂದರು ಡಾಕ್ಟರಮ್ಮ.

ಮದುವೆಯ ಹೊಸದರಲ್ಲಿ ಯಜಮಾನರ ದಾರಿಯನ್ನೂ ನಾನು ಹಾಗೆ ಕಾದಿರಲಿಲ್ಲ. ಒಂದು ದಿನ, ಎರಡು ದಿನ, ಇಲ್ಲ. ಮೂರನೆಯ ದಿನ ಗೌರಮ್ಮನ ಮನೆಯಲ್ಲಿ ಹೋಮ. ಹಿರಿಯಳೆಂದು ಆರತಿ ತಟ್ಟೆ ನನ್ನ ಕೈಗೇ ಕೊಟ್ಟರು. ಎದ್ದು ನಿಂತು ಆರತಿ ಎತ್ತಿದೆ, ಅಷ್ಟೇ. ಗೌರಮ್ಮ ಹಿಂದಿನಿಂದ ಬಂದು ಕಿವಿಯಲ್ಲಿ ಉಸುರಿದಳು: "ಅತ್ತಿಗೀ, ಎಲ್ಲಿ ಕುಂತಿದ್ರಿ? ಸೀರಿಗೆ ಅದಿರು ಹತ್ತೇತಿ." ತಟ್ಟೆಗೂ ಕೈ ಚಾಚಿದಳು.

"ಅದಿರಲ್ಲವ್ವ, ಗೌರಿ!" ಎಂದೆ. ನನ್ನ ದನಿ ನಿಮಗೆ ಗೊತ್ತಿಲ್ಲ. ಹೋಮದ ಮಂತ್ರ ನಿಂತಿತು. "ಮಾತ್ರಿ ಬಿಟ್ಟು ಇವತ್ತಿಗೆ ಮೂರು ದಿನ. ಹೇಳಿದ್ದ ದಿನಕ್ಕ ಬಂದೈತಿ. ನಾ ಬದುಕೀನಿ!"

ಬಂದವರಿಗೆಂದು ಜೋಡಿಸಿದ್ದ ಬೆಳ್ಳಿ ಲೋಟಗಳ ಹಿಂದೆ ರೇಖಾ ಒಬ್ಬಳೇ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಾನು ಅಜ್ಜಿಯನ್ನು ನೆನೆದು, ಆರತಿಯನ್ನು ಪೂರ್ತಿ ಬೆಳಗಿ, ಆಮೇಲೆಯೇ ತಟ್ಟೆ ಕೊಟ್ಟೆ.

ಅಂದಿನಿಂದ ಆ ಮನೆಯಿಂದ ನನಗೆ ಕರೆ ಬರಲಿಲ್ಲ. ಕಂಪ್ಲಿಯವರೂ ಮಾತ್ರೆ ಕೇಳುವುದನ್ನು ಬಿಟ್ಟರು. ಒಳ್ಳೆಯದೇ ಆಯಿತು, ಹನ್ನೆರಡಕ್ಕೆ ಹನ್ನೆರಡೂ ನನಗೇ ಉಳಿದವು.