ಜನರಿಲ್ಲದ ಊರಿನಲ್ಲಿ ಬಸ್ಸು

ಇಪ್ಪತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವಳು ಅವಳು. ಡಿಪೋದಲ್ಲಿ ಎಲ್ಲರೂ ಮೆತ್ತಗಿನಕ್ಕ ಅಂತಲೇ ಕರೆಯುತ್ತಿದ್ದರು. ಅವಳು ಬ್ರೇಕ್ ಹಾಕಿದರೆ, ಒಳಗೆ ನಿಂತು ತೂಕಡಿಸುತ್ತಿದ್ದವನಿಗೆ ಎಚ್ಚರ ಕೂಡ ಆಗುತ್ತಿರಲಿಲ್ಲವಂತೆ. ಅಂಥವಳು ಎರಡು ತಿಂಗಳಿಂದ ಡಿಪೋದ ಹಿಂದಿನ ಕೋಣೆಯಲ್ಲಿ ಕೂತು, ಜನ ಬಸ್ಸಿನಲ್ಲಿ ಮರೆತುಹೋದ ಕೊಡೆ, ಡಬ್ಬಿ, ಒಂಟಿ ಚಪ್ಪಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು.

ಆದದ್ದು ಇಷ್ಟೇ. ಮಾರುಕಟ್ಟೆ ಮೂಲೆಯಲ್ಲಿ ಬಸ್ಸು ಎಡಕ್ಕೆ ತಿರುಗುತ್ತಿತ್ತು. ಮುಂದೆ ರಸ್ತೆ ಖಾಲಿ. ಮರುಕ್ಷಣ ನೋಡಿದರೆ ಗಾಜಿನ ಎದುರಿಗೇ ಕೈಚೀಲ ಹಿಡಿದ ಒಬ್ಬ ಮುದುಕ! ಬ್ರೇಕ್ ತುಳಿದಾಗ ಬಸ್ಸಿಗೂ ಅವನಿಗೂ ಒಂದು ಗೇಣು ಜಾಗ ಉಳಿದಿತ್ತು. ಒಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು, ಕಂಡಕ್ಟರನ ಮುಂದಿನ ಹಲ್ಲು ಮುರಿಯಿತು. ಮುದುಕ ಅವಳ ಏಳು ತಲೆಮಾರನ್ನೂ ಬೈದು ತನ್ನ ದಾರಿ ಹಿಡಿದ.

ಯಾರೂ ಸಾಯಲಿಲ್ಲ. ಆದರೆ ಅವಳ ಹೊಟ್ಟೆಯಲ್ಲಿ ಒಂದು ಕಲ್ಲು ಕೂತುಬಿಟ್ಟಿತು. ಖಾಲಿ ರಸ್ತೆಗೂ ಆ ಮುದುಕನಿಗೂ ನಡುವೆ ಏನಿತ್ತು? ಅವನು ನಡೆದು ಬಂದದ್ದು ಎಲ್ಲಿ ಹೋಯಿತು? ಯಾರೋ ಕತ್ತರಿ ತಗೊಂಡು ಅಷ್ಟು ಹೊತ್ತನ್ನು ಕತ್ತರಿಸಿ ಎಸೆದ ಹಾಗಿತ್ತು. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರು. ತಲೆಯ ಫೋಟೋ ತೆಗೆದವರು ತಲೆಯೂ ಚೆನ್ನಾಗಿದೆ ಅಂದರು. ಹಾಗಾದರೆ ಫೋಟೋದಲ್ಲೂ ಕಾಣದಂಥ ತೂತು ತನ್ನ ತಲೆಯಲ್ಲಿದೆ ಅಂತ ಅವಳು ಅಂದುಕೊಂಡಳು. ಇನ್ನು ಹನ್ನೆರಡು ದಿನಕ್ಕೆ ಡಿಪೋದ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು ಅವಳ ಕೈಯಲ್ಲಿ ಬಸ್ಸು ಓಡಿಸಿ ನೋಡುವವರಿದ್ದರು. ಸೋತರೆ ರಿಟೈರಾಗುವ ತನಕ ಚಪ್ಪಲಿಗಳ ಕೋಣೆಯೇ ಗತಿ. ಗೆದ್ದು, ಆಮೇಲೆ ತಲೆ ಮತ್ತೆ ಹಾಗೆ ಮಾಡಿದರೆ?

ಅವಳ ಗಂಡನದು ಜೆರಾಕ್ಸ್ ಅಂಗಡಿ. ಅಲ್ಲಿಂದ ಒಂದು ಹಳೇ ಕಂಪ್ಯೂಟರನ್ನು ಸ್ಕೂಟರಿನ ಮೇಲೆ ಕಟ್ಟಿ ತಂದ. ಮೇಜಿಗೆ ಒಂದು ಪ್ಲಾಸ್ಟಿಕ್ ಸ್ಟೇರಿಂಗ್ ಬಿಗಿದ, ಒಂದು ಬಸ್ಸಿನ ಆಟ ಹಾಕಿಕೊಟ್ಟ.

"ಮನೇಲಿ ಕೂತ್ಕೊಂಡು ಓಡ್ಸು. ಇಲ್ಲಿ ಯಾರೂ ಸಾಯಲ್ಲ."

"ಸಾಯೋ ಮಾತು ಆಡಬೇಡ ಅಂದಿದ್ದೆ," ಅಂದಳು.

ಮೊದಲ ದಿನವೇ, ಆಟದ ಊರಿನಲ್ಲಿ ಒಂದು ಮೂಲೆ ತಿರುಗುವಾಗ ಚಿತ್ರ ಗಕ್ಕನೆ ನಿಂತಿತು. ಮತ್ತೆ ಚಲಿಸಿದಾಗ ಗಾಜಿನ ಎದುರಿಗೆ ಒಬ್ಬ ಹೆಂಗಸು. ಮೆತ್ತಗಿನಕ್ಕ ಸ್ಟೇರಿಂಗ್ ಬಿಟ್ಟು ಗೋಡೆಗೆ ಒರಗಿದಳು.

"ನೋಡಿದ್ಯಾ? ನಿಂಗೂ ಹಂಗೇ ಕಾಣಿಸ್ತಾ? ಇಲ್ಲ ನಂಗೊಬ್ಬಳಿಗೇನಾ?"

"ಲೇ, ಕಂಪ್ಯೂಟರ್ ಏದುಸಿರು ಬಿಡ್ತಿದೆ ಅಷ್ಟೇ. ಬಿಲ್ ಹೊಡೆಯೋ ಯಂತ್ರ ಇದು. ಇದಕ್ಕೆ ಒಂದು ಊರನ್ನೇ ಎಳಿ ಅಂದ್ರೆ ಎಲ್ಲಿಂದ ಎಳೀಬೇಕು?"

ಅವಳಿಗೆ ನಂಬಿಕೆ ಬರಲಿಲ್ಲ. ನಿಂತದ್ದು ಯಂತ್ರವೋ, ತಾನೋ? ಇದನ್ನು ತಿಳಿಯುವುದಕ್ಕೆ ಒಂದೇ ದಾರಿ. ಯಂತ್ರ ಎಲ್ಲೂ ನಿಲ್ಲದಂತೆ ಮಾಡಬೇಕು. ಆಮೇಲೂ ಮುಂದಿನ ರಸ್ತೆ ಮಾಯವಾದರೆ ಅದು ತನ್ನ ತಲೆಯೇ.

ಮರುದಿನದಿಂದ ಡಿಪೋ ಮುಗಿಸಿ ಮಧ್ಯಾಹ್ನ ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಪೆಟ್ಟಿಗೆ ಬಿಚ್ಚಿ ನೋಡಿದರೆ ಫ್ಯಾನಿನ ಸುತ್ತ ಕಾಗದದ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಬಣ್ಣದ ಬ್ರಷ್ಷಿನಿಂದ ಎಲ್ಲ ಗುಡಿಸಿದಳು. ಗಂಡ ಕೆಟ್ಟುಹೋದ ಇನ್ನೊಂದು ಯಂತ್ರದಿಂದ ಒಂದು ರ್‍ಯಾಮ್ ಕಡ್ಡಿ ಕಿತ್ತು, ಮೆಮೊರಿ ಹೆಚ್ಚಲಿ ಅಂತ ಇದಕ್ಕೆ ಸಿಕ್ಕಿಸಿದ. ಒಳಗೊಳಗೇ ಸುಮ್ಮನೆ ಓಡುತ್ತಿದ್ದ ಪ್ರಿಂಟರಿನ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿದ. ಸ್ವಲ್ಪ ಸುಧಾರಿಸಿತು, ಆದರೂ ಮೂಲೆಗಳಲ್ಲಿ ಗಕ್ಕನೆ ನಿಲ್ಲುವುದು ಬಿಡಲಿಲ್ಲ.

ಏರು ಹತ್ತದ ಬಸ್ಸನ್ನು ಡ್ರೈವರುಗಳು ಏನು ಮಾಡುತ್ತಾರೆ? ಜನರನ್ನು ಇಳಿಸುತ್ತಾರೆ. ಮೆತ್ತಗಿನಕ್ಕನೂ ಅದನ್ನೇ ಮಾಡಿದಳು. ಆಟದ ಸೆಟ್ಟಿಂಗಿನಲ್ಲಿ ಮೊದಲು ಮಳೆ ನಿಲ್ಲಿಸಿದಳು. ಆಮೇಲೆ ನೆರಳು ಅಳಿಸಿದಳು, ಮರ ತೆಗೆದಳು, ಚಿತ್ರವನ್ನು ಸಣ್ಣದು ಮಾಡಿದಳು. ಕೊನೆಗೆ 'ಪಾದಚಾರಿಗಳು' ಅನ್ನುವ ಸಾಲು ಸಿಕ್ಕಿತು. ಅದನ್ನು ಎಳೆದೆಳೆದು ಸೊನ್ನೆಗೆ ತಂದಳು. ಅಬ್ಬಾ! ಬಸ್ಸು ನೀರಿನ ಹಾಗೆ ಹರಿಯಿತು.

ಮೂರು ದಿನ ಹಾಗೇ ಓಡಿಸಿದಳು. ಒಂದು ಸಲವೂ ರಸ್ತೆ ಮಾಯವಾಗಲಿಲ್ಲ. ಹೊಟ್ಟೆಯ ಕಲ್ಲು ಹಗುರವಾಯಿತು, ಊಟ ಸೇರಿತು, ಕಂಡಕ್ಟರನ ಹೊಸ ಹಲ್ಲಿನ ಬಗ್ಗೆ ತಮಾಷೆ ಮಾಡುವಷ್ಟು ಗೆಲುವಾದಳು. ನಾಲ್ಕನೇ ದಿನ ಅತ್ತೆ ಬಟಾಣಿ ಸುಲಿಯುತ್ತಾ ಪಕ್ಕದಲ್ಲಿ ಬಂದು ಕೂತರು.

"ಇದ್ಯಾವ ಊರೇ? ಒಂದು ನರಪಿಳ್ಳೆ ಇಲ್ಲ. ಪ್ಲೇಗು ಬಂದಿತ್ತಾ?"

"ಜನ ಇದ್ರೆ ಕಂಪ್ಯೂಟರ್ ಎಳೆಯಲ್ಲ ಅತ್ತೆ. ತೆಗೆದಿದ್ದೀನಿ."

"ಭೇಷ್! ಜನ ಇಲ್ಲದ ಊರಲ್ಲಿ ನಾನೂ ಓಡಿಸ್ತೀನಿ, ಕೊಡು ಇಲ್ಲಿ."

ಮೆತ್ತಗಿನಕ್ಕನ ಮೂರು ದಿನದ ಧೈರ್ಯ ಅಷ್ಟೂ ಗಾಳಿ ಬಿಟ್ಟ ಟ್ಯೂಬಿನ ಹಾಗೆ ಕುಸಿಯಿತು. ಆ ಮುದುಕನನ್ನೇ ಅಳಿಸಿಹಾಕಿ, ಮುದುಕ ಎದುರಿಗೆ ಬರಲಿಲ್ಲ ಅಂತ ಹಿಗ್ಗಿದ್ದಳಲ್ಲ!

ಜನರನ್ನು ಮತ್ತೆ ತುಂಬಿದಳು. ಮೂಲೆ ಬಂತು, ಚಿತ್ರ ಮತ್ತೆ ಗಕ್ಕನೆ ನಿಂತಿತು. ಟೆಸ್ಟಿಗೆ ನಾಲ್ಕೇ ದಿನ ಉಳಿದಿತ್ತು.

ಗಂಡ ಅಂಗಡಿಯಲ್ಲಿ ಯಾರನ್ನೋ ಕೇಳಿಕೊಂಡು ಬಂದ. "ತಪ್ಪು ಜನರದ್ದಲ್ಲ ಕಣೆ, ಕನ್ನಡಿದು. ನಿನ್ನ ಬಸ್ಸಿಗೆ ಆರು ಕನ್ನಡಿ ಇಟ್ಕೊಂಡಿದ್ದೀಯ. ಒಂದೊಂದು ಕನ್ನಡಿಗೂ ಪಾಪ ಇದು ಊರನ್ನೆಲ್ಲ ಹೊಸದಾಗಿ ಬರೀಬೇಕು. ಮುಂದಿನ ಗಾಜಿಂದೂ ಸೇರಿ ಏಳು ಊರು ಎಳೀತಿದೆ ನೋಡು, ಅದಕ್ಕೇ ಕುಸೀತಿದೆ."

"ಕನ್ನಡಿ ಇಲ್ಲದೆ ಬಸ್ಸಾ? ಲೈಸೆನ್ಸ್ ಕಿತ್ಕೊಳ್ತಾರೆ!"

"ಯಾರು, ಕಂಪ್ಯೂಟರ್ ಒಳಗಿನ ಪೊಲೀಸಾ?"

ಅವಳಿಗೆ ನಗು ಬರಲಿಲ್ಲ. ಮಳೆ, ಮರ, ಮನುಷ್ಯರನ್ನೆಲ್ಲ ತೆಗೆಯುವಾಗಲೂ ಕನ್ನಡಿಯ ಸಾಲಿಗೆ ಅವಳ ಕೈ ಹೋಗಿರಲಿಲ್ಲ. ಯಾವ ಡ್ರೈವರಿನ ಕೈ ಹೋದೀತು? ಆದರೂ ಬೇರೆ ದಾರಿ ಇರಲಿಲ್ಲ. ಆರನ್ನೂ ಆರಿಸಿದಳು. ಕನ್ನಡಿಗಳು ಕಪ್ಪಾದವು. ಊರಿನ ತುಂಬ ಜನ, ಆದರೂ ಬಸ್ಸು ಸಲೀಸಾಗಿ ಹೊರಟಿತು. ಅತ್ತೆ ಪಕ್ಕದಲ್ಲೇ ಇದ್ದರು. ಮೂಲೆ ಬಂತು, ಎಡಕ್ಕೆ ತಿರುಗಿಸಿದಳು.

ಗಾಜಿನ ಎದುರಿಗೆ ಒಬ್ಬ ಗಂಡಸು!

ಅವಳು ಚೀರಿ ಬ್ರೇಕ್ ಒತ್ತಿದಳು. "ಮತ್ತೆ ನಿಂತ್ಕೊಳ್ತು! ಯಂತ್ರ ಮತ್ತೆ ನಿಂತ್ಕೊಳ್ತು ಅಲ್ವಾ ಅತ್ತೆ?"

"ಎಲ್ಲಿ ನಿಂತಿತ್ತೇ? ಅವನು ಆಗಿನಿಂದ ಆ ಅಂಗಡಿ ಹತ್ರದಿಂದ ನಡ್ಕೊಂಡೇ ಬರ್ತಿದ್ದ. ನೀನೇ ಆ ಕಡೆ ಕರೀ ಕನ್ನಡಿ ನೋಡ್ತಾ ಕೂತಿದ್ದೆ. ಅದರಲ್ಲೇನಿದೆ ಮಣ್ಣು?"

ಮೆತ್ತಗಿನಕ್ಕ ಸ್ಟೇರಿಂಗಿನಿಂದ ಕೈ ತೆಗೆದಳು. ಏನೂ ಕಾಣದ ಕಪ್ಪು ಕನ್ನಡಿಯನ್ನು ಅಷ್ಟು ಹೊತ್ತು ನೋಡಿದ್ದಳು, ನೋಡಿದ್ದು ಅವಳಿಗೇ ಗೊತ್ತಾಗಿರಲಿಲ್ಲ. ಆಗ ನೆನಪು ತಾನಾಗಿ ಬಿಚ್ಚಿಕೊಂಡಿತು. ಅವತ್ತು ಬಾಗಿಲಿನಲ್ಲಿ ಒಬ್ಬ ಜೋತುಬಿದ್ದಿದ್ದ. ಎಡಗಡೆಯ ಕನ್ನಡಿಯಲ್ಲಿ ಅವನ ಮೇಲೆ ಕಣ್ಣು ನೆಟ್ಟು, ಒಳಗೆ ಬಾರೋ ಅಂತ ಮನಸ್ಸಿನಲ್ಲೇ ಬೈಯುತ್ತಾ ಬಸ್ಸು ತಿರುಗಿಸಿದ್ದಳು. ಮುದುಕ ನಡೆದು ಬಂದದ್ದು ಆ ಹೊತ್ತಿನಲ್ಲೇ.

ತಲೆಯಲ್ಲಿ ತೂತಿಲ್ಲ. ನೆಮ್ಮದಿ ಅನಿಸಬೇಕಿತ್ತು, ಅನಿಸಲಿಲ್ಲ. ಕಾಯಿಲೆಯಾಗಿದ್ದರೆ ಅದು ಯಾರ ತಪ್ಪೂ ಅಲ್ಲ. ಇದು ಅವಳದೇ ತಪ್ಪು. ಡಿಪೋದ ಕಾಗದದಲ್ಲಿ 'ಕಣ್ಣಿಗೆ ಕತ್ತಲೆ ಬಂತು' ಅಂತ ಬರೆದು ರುಜು ಹಾಕಿದ್ದಳು. ನಿಜ ಹೇಳಿದರೆ ಇನ್ಸ್‌ಪೆಕ್ಟರು ಬಸ್ಸಿನಿಂದ ಇಳಿಸಿಯೇ ಬಿಡಬಹುದು. ಹೇಳದಿದ್ದರೆ ಗೊತ್ತಿದ್ದೂ ಹೇಳಲಿಲ್ಲ ಅನ್ನುವ ಅಳುಕು ದಿನವೂ ಜೊತೆಯಲ್ಲೇ ಬಸ್ಸು ಹತ್ತುತ್ತದೆ.

ಉಳಿದ ದಿನ ಕಣ್ಣನ್ನು ಪಳಗಿಸಿದಳು. ಅತ್ತೆ ಕಾವಲು ಕೂತರು. ಕಣ್ಣು ಎಡಕ್ಕೆ ಹೋಗಿ ಅಲ್ಲೇ ಕೂತರೆ ತಲೆಗೆ ಒಂದು ಬಟಾಣಿ ಬೀಳುತ್ತಿತ್ತು. ಮೊದಲ ದಿನ ನೆಲದ ತುಂಬ ಬಟಾಣಿ. ಕೊನೆಯ ದಿನ ಎರಡೋ ಮೂರೋ.

ಟೆಸ್ಟಿನ ಬೆಳಿಗ್ಗೆ ಇನ್ಸ್‌ಪೆಕ್ಟರು ಖಾಲಿ ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದರು. ನಗುವುದನ್ನು ಯಾರೂ ನೋಡದ ಮನುಷ್ಯ.

"ಸಾರ್, ಹೊರಡೋಕೆ ಮುಂಚೆ ಒಂದು ಮಾತು. ಅವತ್ತು ನಂಗೆ ಕಣ್ಣು ಕತ್ತಲೆ ಬಂದಿರ್ಲಿಲ್ಲ. ಕನ್ನಡಿ ನೋಡ್ತಾ ಮುಂದೆ ನೋಡೋದು ಬಿಟ್ಟಿದ್ದೆ."

ಅವರು ಜೇಬಿನಿಂದ ಪೆನ್ನು ತೆಗೆದರು. "ಇದನ್ನ ನಾನು ಬರೀಲೇಬೇಕಾಗತ್ತೆ, ಗೊತ್ತಲ್ಲ?"

"ಬರೀರಿ ಸಾರ್."

"ಹತ್ತಮ್ಮ."

ಮಾರುಕಟ್ಟೆ ಮೂಲೆಗೆ ಬರುವಾಗ ಅಂಗೈ ಬೆವತು ಸ್ಟೇರಿಂಗ್ ಜಾರುತ್ತಿತ್ತು. ಕನ್ನಡಿಯನ್ನು ಒಮ್ಮೆ ಮುಟ್ಟಿ ಕಣ್ಣು ಮುಂದಕ್ಕೆ ಬಂತು. ಹಳದಿ ಸೀರೆಯವಳು, ಸೈಕಲ್ ತಳ್ಳುವವನು, ಫೋನಿನಲ್ಲಿ ಮುಳುಗಿದ ಇಬ್ಬರು. ಒಬ್ಬೊಬ್ಬರೂ ಎಲ್ಲಿಂದ ಹೊರಟರು, ಎಲ್ಲಿಗೆ ಬಂದರು, ಪೂರ್ತಿ ಕಂಡಿತು. ನಡುವೆ ಒಂದು ಚೂರೂ ಕಳೆದುಹೋಗಲಿಲ್ಲ.

ಡಿಪೋಗೆ ವಾಪಸು ಬಂದು ಎಂಜಿನ್ ಆರಿಸಿದಳು. ಇನ್ಸ್‌ಪೆಕ್ಟರು ಕಾಗದದಲ್ಲಿ ಎರಡು ಕಡೆ ಬರೆದರು. ಒಂದು ಕಡೆ ಎಚ್ಚರಿಕೆ, ಇನ್ನೊಂದು ಕಡೆ ಒಪ್ಪಿಗೆ.

"ಒಂದು ತಿಂಗಳು ಪಕ್ಕದಲ್ಲಿ ಯಾರಾದ್ರೂ ಕೂತಿರ್ತಾರೆ. ಇನ್ನೂ ಭಯ ಇದೆಯಾ?"

"ಇದೆ ಸಾರ್."

"ನಾಳೆ ಬೆಳಿಗ್ಗೆ ಐದೂವರೆ ಗಾಡಿ. ಲೇಟ್ ಮಾಡಬೇಡ," ಅಂದು ಅವರು ಇಳಿದು ಹೋದರು. ಅವಳ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.