ಡಾಕ್ಟರ ಕೋಟಿಗೂ ಪಥ್ಯ

ಆಂಜನಮ್ಮನ ಬಾಯಿಗೆ ಹಲಸೂರೇ ಹೆದರುತ್ತಿತ್ತು ಅನ್ನಿ. ಆದರೂ ಅರವತ್ತೆಂಟನೇ ಇಸವಿಯ ಆ ಬೆಳಿಗ್ಗೆ ಅವಳಿಗೆ ಬಂದಂಥ ಸಿಟ್ಟನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಬರದೆ ಏನು ಮಾಡೀತು, ಕೇಳಿ.

ಮೂವತ್ತು ವರ್ಷ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ತಿಕ್ಕಿದ ಕೈ ಅವಳದು. ದಂಡಿನ ಆಫೀಸರುಗಳ ಸಮವಸ್ತ್ರ, ನರ್ಸಿಂಗ್ ಹೋಮಿನ ಹಾಸಿಗೆಯ ಹೊದಿಕೆ, ಎಲ್ಲಾ ಆ ಕೈಗೇ ಬರಬೇಕು. ಗೆಣ್ಣುಗಳು ಬಾತು ಬೆರಳು ಮಡಚಲಾರದೆ ಹೋದಾಗ ಬಜಾರಿನ ಡಾಕ್ಟರ್ ವೆಂಕಟಾಚಲ ಅವರ ಹತ್ತಿರ ಹೋದಳು. ಅವರ ಬಿಳಿ ಕೋಟು ಒಗೆಯುತ್ತಿದ್ದವಳೂ ಇವಳೇ.

“ಸಂಧಿವಾತ. ದಿನಕ್ಕೆ ಮೂರು ಮಾತ್ರೆ ನುಂಗು. ಗಂಜಿ ಇರೋ ಪದಾರ್ಥ ಮುಟ್ಬೇಡ. ಅನ್ನ, ಮುದ್ದೆ, ಆಲೂಗೆಡ್ಡೆ, ಒಂದು ಅಗುಳೂ ಒಳಗೆ ಹೋಗ್ಬಾರ್ದು,” ಅಂದರು.

ಮುದ್ದೆ ಬಿಟ್ಟು ಕಲ್ಲಿಗೆ ಬಟ್ಟೆ ಬಡಿಯುವುದು ಹೇಗೆ? ಕುರ್ಚಿಯಲ್ಲಿ ಕೂತವರಿಗೆ ಅದೆಲ್ಲ ಯಾಕೆ ಬೇಕು! ಬೆಂದ ಸೊಪ್ಪು, ಮಜ್ಜಿಗೆ, ಮೊಟ್ಟೆ, ಇಷ್ಟರಲ್ಲೇ ಆರು ತಿಂಗಳು ತಳ್ಳಿದಳು. ಮೊಮ್ಮಗುವಿಗೆ ಮೊದಲ ಅನ್ನ ಉಣ್ಣಿಸಿದ ದಿನ ಮಗಳು ಅಣ್ಣಮ್ಮ ಅದೇ ಬಟ್ಟಲಿನಿಂದ ಒಂದು ತುತ್ತು ತೆಗೆದು ತಾಯಿಯ ಬಾಯಿಗೆ ಹಿಡಿದಳು. ಆಂಜನಮ್ಮ ಮುಖ ತಿರುಗಿಸಿಬಿಟ್ಟಳು.

“ಒಂದು ತುತ್ತಿಗೆ ಏನಾಗೋಯ್ತದವ್ವಾ?” ಎಂದು ಮಗಳು ನೆಂಟರ ಎದುರಿಗೇ ಅತ್ತಳು. ಕೈ ಬಿದ್ದುಹೋದರೆ ಒಲೆ ಉರಿಯುವುದಿಲ್ಲ ಎಂಬ ಭಯ ತಾಯಿಗೆ. ಬಾಯಿ ತೆರೆಯಲೇ ಇಲ್ಲ. ಆಮೇಲೆ ಮೂರು ತಿಂಗಳು ಮಗಳು ತವರಿನ ಕಡೆ ತಲೆ ಹಾಕಲಿಲ್ಲ.

ಆ ಬೆಳಿಗ್ಗೆ ಡಾಕ್ಟರ ಕೋಟು ಒಗೆಯುವಾಗ ಅದರ ಕೊಕ್ಕೆ ತಾಗಿ ಬೆರಳು ಸೀಳಿತು. ಗಾಯಕ್ಕೆ ಟಿಂಚರ್ ಅಯೋಡಿನ್ ಹಚ್ಚಿಕೊಂಡು, ಮಾತ್ರೆಗೆಂದು ಸೆರಗಿನ ಗಂಟು ಬಿಚ್ಚಿದರೆ ಮಾತ್ರೆ ನೀರಲ್ಲಿ ನೆನೆದು ಹಿಟ್ಟಾಗಿತ್ತು. ಟಿಂಚರ್ ಹಚ್ಚಿದ ಬೆರಳಿಂದಲೇ ಬಳಿದದ್ದೇ ತಡ, ಹಿಟ್ಟು ಕಡುನೀಲಿಗೆ ತಿರುಗಿತು. ನರ್ಸಿಂಗ್ ಹೋಮಿನ ಬಟ್ಟೆ ಒಗೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬರೀ ಬಟ್ಟೆಗೆ ಟಿಂಚರ್ ಬಿದ್ದರೆ ಕಂದು ಕಲೆ, ಗಂಜಿ ಹಾಕಿದ್ದಕ್ಕೆ ಬಿದ್ದರೆ ನೀಲಿ.

“ನಿನ್ನ ಮನೆ ಹಾಳಾಗ! ಗಂಜಿ!” ಎಂದು ಕಿರುಚಿ, ಒದ್ದೆ ಸೀರೆಯಲ್ಲೇ ದವಾಖಾನೆಗೆ ನುಗ್ಗಿದಳು. ಕಾಂಪೌಂಡರ್ ಅಸ್ಗರ್ ಕೈಯಿಂದ ಒಂದು ಮಾತ್ರೆ ಕಿತ್ತುಕೊಂಡು, ಡಾಕ್ಟರ ಮೇಜಿನ ಮೇಲಿಟ್ಟು, ಅಲ್ಲೇ ಇದ್ದ ಸೀಸೆಯಿಂದ ಟಿಂಚರ್ ಸುರಿದಳು. ಕಾಯುತ್ತಿದ್ದ ರೋಗಿಗಳೆಲ್ಲ ಕತ್ತು ಚಾಚಿ ನೋಡುತ್ತಿದ್ದಂತೆ ಮಾತ್ರೆ ನೀಲಿಯಾಯಿತು.

“ಇದೇನು ಡಾಕ್ಟ್ರೇ?”

“ಎಲ್ಲಾ ಮಾತ್ರೆಗೂ ಚೂರು ಗಂಜಿ ಸೇರಿಸ್ತಾರೆ, ಪುಡಿಯಾಗದೆ ಇರ್ಲಿ ಅಂತ. ಅದ್ರಿಂದ ಏನೂ ಆಗಲ್ಲ.”

“ದಿನಾ ಮೂರು ಸಲ ನುಂಗಿದ್ರೆ ಏನೂ ಆಗಲ್ಲ, ಮೊಮ್ಮಗೂನ ಬಟ್ಟಲಿಂದ ಒಂದು ತುತ್ತು ತಿಂದ್ರೆ ಕೈ ಬಿದ್ದೋಗುತ್ತಾ? ಒಂದು ಅಗುಳೂ ಹೋಗ್ಬಾರ್ದು ಅಂದೋರು ನೀವೇ ತಾನೆ? ಒಂದೋ ನಿಮ್ಮ ಪಥ್ಯ ಸುಳ್ಳು, ಇಲ್ಲಾ ನಿಮ್ಮ ಮಾತ್ರೆ ಸುಳ್ಳು. ಯಾವ್ದು ಹೇಳಿ!”

“ಇವೆಲ್ಲ ಹೇಳಿದ್ರೆ ನಿಂಗೆ ಅರ್ಥ ಆಗುತ್ತಾ, ಆಂಜನಮ್ಮ?”

“ಗಂಜಿ ವಿಷ್ಯ ನನಗೆ ಅರ್ಥ ಆಗಲ್ವಾ?”

ಅಸ್ಗರ್ ನಗು ತಡೆಯಲಾರದೆ ಸೀಸೆಗಳ ಕಡೆ ತಿರುಗಿಕೊಂಡ. ಡಾಕ್ಟರು ದನಿ ತಗ್ಗಿಸಿದರು. “ಪಥ್ಯ ಹೇಳಿದ್ದು ಒಂದು ಮುಂಜಾಗ್ರತೆಗೆ ಅಷ್ಟೆ. ಒಂದು ತುತ್ತಿಗೆ ಏನೂ ಆಗ್ತಿರ್ಲಿಲ್ಲ ಬಿಡು.”

ಬಿಡು ಅಂತೆ! ಮಗಳು ಅಳುತ್ತಾ ಕೇಳಿದ್ದೂ ಅದೇ ಮಾತು. ಆಂಜನಮ್ಮ ಅಲ್ಲಿಂದ ನೆಟ್ಟಗೆ ಬಾಣಸವಾಡಿಗೆ, ಮಗಳ ಮನೆಗೆ ನಡೆದಳು. ಮಗು ಆಗಲೇ ತನ್ನ ಕೈಯಿಂದಲೇ ಅನ್ನ ಬಾಚಿ ಮೂತಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. “ಅನ್ನ ಇಕ್ಕವ್ವಾ,” ಅಂದಳು ಆಂಜನಮ್ಮ ಮಗಳಿಗೆ. ಅಣ್ಣಮ್ಮ ತಟ್ಟೆಯೇನೋ ಇಟ್ಟಳು, ತುತ್ತು ಬಾಯಿಗೆ ಹಿಡಿಯಲಿಲ್ಲ.

ಶನಿವಾರ ಡಾಕ್ಟರ ಕೋಟು ಹಳೇ ಪಂಚೆಯ ಹಾಗೆ ಜೋತುಬಿದ್ದು ವಾಪಸು ಹೋಯಿತು. ಅಸ್ಗರ್ ಅದನ್ನು ಹಿಡಿದುಕೊಂಡು ಓಡಿಬಂದ.

“ಗಂಜಿ ಹಾಕೋದು ಮರೆತ್ರಾ ಅಂತ ಡಾಕ್ಟ್ರು ಕೇಳ್ತಾವ್ರೆ ಅಮ್ಮಾ.”

“ಮರೆತಿಲ್ಲಪ್ಪಾ. ಕೋಟಿಗೆ ಪಥ್ಯ. ಒಂದು ತೊಟ್ಟೂ ಹೋಗ್ಬಾರ್ದು. ಯಾಕೆ ಅಂತ ಕೇಳಿದ್ರೆ, ಹೇಳಿದ್ರೂ ಅವರಿಗೆ ಅರ್ಥ ಆಗಲ್ವಂತೆ ಅನ್ನು.”